ಟೇಪ್ ಡ್ರೈವಿನ ಕಣ್ಣಿಗಿಟ್ಟ ಕುಂಕುಮ

ಮನೆಯಲ್ಲಿ ಟೇಪ್ ಡ್ರೈವ್ ಇಟ್ಟುಕೊಂಡವನು ಇಡೀ ರಾಯಚೂರಿನಲ್ಲಿ ನಾನೊಬ್ಬನೇ ಇರಬೇಕು. ನಕ್ಕವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಕಚೇರಿಯಲ್ಲಿದ್ದಾಗ ಕಂಪ್ಯೂಟರಿನಲ್ಲಿರುವುದನ್ನೆಲ್ಲ ದಿನಾ ಸಂಜೆ ಟೇಪಿಗೆ ನಕಲು ಮಾಡಿ ಬೀರುವಿನಲ್ಲಿಡುವುದು ನನ್ನ ಕೆಲಸವಾಗಿತ್ತು. ನಾನು ನಿವೃತ್ತನಾಗುವ ಹೊತ್ತಿಗೆ ಆ ಡ್ರೈವನ್ನು ಗುಜರಿಗೆ ಹಾಕಲು ಹೊರಟಿದ್ದರು. ಕೇಳಿ ಮನೆಗೆ ತಂದೆ. ಅದರ ಟೇಪುಗಳು ನೋಡಲು ಹಾಡಿನ ಕ್ಯಾಸೆಟ್ಟಿನ ಹಾಗೇ ಇದ್ದವು.

"ಇನ್ನೂ ಕ್ಯಾಸೆಟ್ ಕೇಳ್ತೀರೇನ್ರಿ?" ಎಂದು ಪಕ್ಕದ ಮನೆಯವರು ಹಲ್ಲು ಕಿಸಿದರು. ಇಡೀ ಬದುಕನ್ನೇ ಮೊಬೈಲಿನಲ್ಲಿ ತುಂಬಿಟ್ಟು, ಸಂತೆಯಲ್ಲಿ ಅದು ಕಳೆದ ದಿನ ಎದೆ ಎದೆ ಬಡಿದುಕೊಂಡವರು ಇವರೇ.

ನಾನು ಕಾಪಾಡಬೇಕಿದ್ದದ್ದು ಅವ್ವನ ದನಿ. ಗಂಟಲಿನ ಆಪರೇಷನ್ ಮಾಡಲೇಬೇಕು, ಆಮೇಲೆ ಮಾತು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅದಕ್ಕೂ ಮೊದಲಿನ ಒಂದು ತಿಂಗಳು ಮಾನ್ವಿ ತಾಲ್ಲೂಕಿನ ಮಲ್ಲಟದ ನಮ್ಮ ಮನೆಯಲ್ಲಿ ಕೂತು ಅವಳ ಬೀಸುವ ಪದಗಳನ್ನೆಲ್ಲ ರೆಕಾರ್ಡ್ ಮಾಡಿಕೊಂಡೆ. ಅವಳ ದನಿ ಆಗಲೇ ಒಡೆದಿತ್ತು. ಆದರೂ ಹಾಡಿದಳು. ಆಪರೇಷನ್ ಆದ ಮೇಲೆ ಅವಳನ್ನು ರಾಯಚೂರಿನ ಮನೆಗೆ ಕರೆತಂದೆ. ಅಲ್ಲಿಂದ ಎಲ್ಲವೂ ಕೈಸನ್ನೆ. ಮಧ್ಯಾಹ್ನ ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಕೂತು ತನ್ನ ಪದಗಳನ್ನು ತಾನೇ ಕೇಳುತ್ತಿದ್ದಳು.

ಅಮಾವಾಸ್ಯೆಯ ದಿನ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಆ ಪದಗಳನ್ನು ಟೇಪಿಗೆ ನಕಲು ಮಾಡಲು ನಾನು ಆ ದಿನವನ್ನೇ ಗೊತ್ತು ಮಾಡಿದ್ದೆ. ನನ್ನ ಹತ್ತಿರ ಎರಡು ಟೇಪು. ಈ ಅಮಾವಾಸ್ಯೆಗೆ ಬರೆದದ್ದು ದೇವದುರ್ಗದ ತಂಗಿಯ ಮನೆಗೆ ಹೋಗಬೇಕು, ಅಲ್ಲಿದ್ದದ್ದು ಇಲ್ಲಿಗೆ ಬರಬೇಕು. ನಮ್ಮ ಮನೆಗೆ ಬೆಂಕಿ ಬಿದ್ದರೂ ಒಂದು ಉಳಿಯುತ್ತದೆ ಎಂಬ ಲೆಕ್ಕ. ಬರೆದದ್ದನ್ನು ಮತ್ತೆ ಓದಿ ತಾಳೆ ನೋಡುವ ಏರ್ಪಾಡೂ ಡ್ರೈವಿನಲ್ಲಿತ್ತು. ಅದಕ್ಕೆ ಎರಡರಷ್ಟು ಹೊತ್ತು ಹಿಡಿಯುತ್ತಿತ್ತು, ಅಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಹಾಳಾಗಿ ಹೋಗಲಿ ಎಂದು ಅದನ್ನು ಬಂದ್ ಮಾಡಿಟ್ಟೆ. ಕೆಲಸ ಮುಗಿದ ಮೇಲೆ ಕಚೇರಿಯಲ್ಲಿ ಮಾಡುತ್ತಿದ್ದ ಹಾಗೆ ಡ್ರೈವಿಗೆ ವಿಭೂತಿ, ಕುಂಕುಮ, ಊದಿನಕಡ್ಡಿ.

ಈ ಬೇಸಿಗೆಯಲ್ಲಿ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಸತ್ತಿತು. ನಾನು ಹೆದರಲಿಲ್ಲ. ಹೊಸ ಡಿಸ್ಕ್ ಕೂಡಿಸಿ, ಜಂಬದಿಂದಲೇ ಮನೆಯಲ್ಲಿದ್ದ ಟೇಪು ಹಾಕಿದೆ. ಕಿರ್ ಎಂದು ತಿರುಗಿ ನಿಂತಿತು, ಒಂದು ಪದವೂ ಬರಲಿಲ್ಲ. ದೇವದುರ್ಗದ ಬಸ್ಸು ಹತ್ತಿ ಇನ್ನೊಂದು ಟೇಪು ತಂದೆ. ಮಾರ್ಕೆಟ್ಟಿನಲ್ಲಿ ಹಳೇ ಯಂತ್ರ ರಿಪೇರಿ ಮಾಡುವ ಸಾಹೇಬರನ್ನು ಮನೆಗೆ ಕರೆದುಕೊಂಡು ಬಂದೆ.

ಅವರು ಡ್ರೈವಿನ ಮುಖವನ್ನೇ ನೋಡುತ್ತ ಕೂತರು. "ಇದೇನ್ರೀ ಸರ, ಕೆಂಪಗ?"

"ಕುಂಕುಮ. ಅಮಾಸಿ ಪೂಜಿದು."

ಒದ್ದೆ ಬಟ್ಟೆಯಿಂದ ಒರೆಸಿದರು. ಗಟ್ಟಿಯಾಗಿ ಕೂತಿದ್ದ ಕುಂಕುಮದ ಕೆಳಗೆ ಒಂದು ಪುಟ್ಟ ಹಳದಿ ದೀಪ ಮಿನುಗುತ್ತಿತ್ತು.

"ಟೇಪ್ ಓದೋ ಹೆಡ್ಡು ಹೊಲಸಾಗೇದ, ಸಾಫ್ ಮಾಡ್ರಿ ಅಂತ ಈ ದೀಪ ಎಷ್ಟ್ ತಿಂಗಳಿಂದ ಹೇಳಾಕತ್ತದೋ ಏನೋ. ನೀವು ಅದರ ಕಣ್ಣಿಗೇ ಬೊಟ್ಟ ಇಟ್ಟೀರಿ," ಎಂದರು. ಬಿಚ್ಚಿ ತೋರಿಸಿದರು. ಒಳಗೆಲ್ಲ ವಿಭೂತಿ. "ಎರಡೂ ಟೇಪಿಗೆ ಇದ್ರಾಗ ಬರದೀರಿ. ಏನ್ ಉಳದದೋ ನೋಡೋಣ."

ಸಿಟ್ಟು ನೆತ್ತಿಗೇರಿತು. ಅಡುಗೆಮನೆಗೆ ನುಗ್ಗಿ ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ ಮೇಲೆ ಹರಿಹಾಯ್ದೆ. "ಕಂಡ ಕಂಡದ್ದಕ್ಕೆಲ್ಲ ಕುಂಕುಮ ಬಡೀತಿ. ಅವ್ವನ ದನಿ ಮಣ್ಣಗೂಡಿಸಿದಿ ನೋಡು."

ಅವಳು ಹಿಟ್ಟಿನ ಕೈ ಎತ್ತಲೂ ಇಲ್ಲ. "ನಾ ಯಾವತ್ತ ಮುಟ್ಟೀನ್ರಿ ಅದನ್ನ? ಅಮಾಸಿ ಪೂಜಿ ಮಾಡೋರು ನೀವು. ನನ್ನ ಅದರ ಹತ್ರಾನೂ ಬಿಡ್ತಿದ್ದಿಲ್ಲ."

ಹೌದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಚೇರಿಯಲ್ಲಿ ಡ್ರೈವ್ ಸ್ವಚ್ಛ ಮಾಡಲು ಬೇರೆಯವರು ಬರುತ್ತಿದ್ದರು. ಇಷ್ಟು ವರ್ಷ ನಾನು ಕಲಿತದ್ದು ಪೂಜೆ ಮಾಡುವುದನ್ನು ಮಾತ್ರ. ಬೊಟ್ಟಿಡಲು ಆ ದುಂಡನೆಯ ಜಾಗವೇ ಸರಿ ಎಂದು ಆರಿಸಿದವನೂ ನಾನೇ. ಅವತ್ತು ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬಂದಿತ್ತು.

ಸಾಹೇಬರು ಹೆಡ್ಡು ತೊಳೆದರು. ಮನೆಯ ಟೇಪಿನಲ್ಲಿ ಏನೂ ಸಿಗಲಿಲ್ಲ. ದೇವದುರ್ಗದ ಟೇಪಿನಲ್ಲಿ ಮೊದಲಿಗೆ ಬರೆದದ್ದೊಂದು ಉಳಿದಿತ್ತು, ಮುಂದಿನದೆಲ್ಲ ಹೋಗಿತ್ತು. ಅವ್ವನನ್ನು ಕರೆತಂದು ಕೂರಿಸಿ ಹಾಕಿದೆವು. ಅದು ನಾನು ಕೆಟ್ಟಿದೆ ಎಂದು ಕಂಪ್ಯೂಟರಿನಲ್ಲೇ ಬೇರೆ ತೆಗೆದಿಟ್ಟಿದ್ದ ಮೊದಲ ದಿನದ ರೆಕಾರ್ಡು. ಬೀಸುಕಲ್ಲಿನ ಕೆಳಗೆ ಕೌದಿ ಹಾಸಿದರೆ ಸಪ್ಪಳ ಕಡಿಮೆಯಾಗುತ್ತದೆ ಎಂದು ಆಗಿನ್ನೂ ನನಗೆ ಹೊಳೆದಿರಲಿಲ್ಲ. ಪದದ ಒಂದು ಸಾಲು ಮುಗಿಯುವುದರೊಳಗೆ ನನ್ನ ದನಿ ಬಂತು.

"ಬೀಸೋದು ನಿಲ್ಲಸಬೇ. ಬರೇ ಕಲ್ಲಿನ ಸಪ್ಪಳಾನ ಬರಾಕತ್ತದ."

"ಕೈ ತಿರುಗಲಿಲ್ಲಂದ್ರ ಪದ ಬಾಯಿಗೆ ಬರಂಗಿಲ್ಲೋ ಯಪ್ಪಾ."

"ಎಷ್ಟ್ ಸಲ ಹೇಳ್ಬೇಕು ನಿನಗ? ಮೊದಲಿಂದ ಹಾಡು."

"ಹಾಡ್ತೀನಿ ತಡಿ. ಒಂದೀಟು ನೀರು ಕೊಡು, ಗಂಟಲಾ ಉರಿಯಾಕತ್ತದ."

"ಹಾಡಿ ಕುಡಿಯಂತಿ."

ಅಲ್ಲಿಗೆ ಮುಗಿಯಿತು. ಸಾಹೇಬರು ತಮ್ಮ ಸಾಮಾನು ಚೀಲಕ್ಕೆ ತುಂಬಿಕೊಳ್ಳುತ್ತ ತಲೆ ತಗ್ಗಿಸಿಯೇ ಇದ್ದರು. ಅವ್ವ ಮಾತ್ರ ಇನ್ನೊಮ್ಮೆ ಹಾಕು ಎಂದು ಬೆರಳೆತ್ತಿದಳು.

ಈಗ ದಿನಾ ಮಧ್ಯಾಹ್ನ ಅದನ್ನೇ ಹಾಕುತ್ತೇನೆ. ತನ್ನ ದನಿ ಬಂದಾಗ ಅವಳ ತುಟಿಗಳು ಜೊತೆಗೇ ಆಡುತ್ತವೆ. ನನ್ನ ದನಿ ಬರುವ ಮೊದಲೇ ಎದ್ದು ಹೊರಗೆ ಹೋಗೋಣವೆಂದರೆ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾಳೆ.