ಪಂತೆಲಿಯ ಬಟ್ಟಲುಗಳು

ಸವೇತಾ ಕಟ್ಟಿ ಕಳಿಸಿದ ಸರಕು ಎಂದೂ ಕಡಿಮೆ ಬಿದ್ದದ್ದಿಲ್ಲ. ಓಲ್ತೇನಿಯಾ ಸೀಮೆಯ ಆ ಕುಂಬಾರರ ಕಣಿವೆಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಮಾತು. ಎಲ್ಲರಿಗಿಂತ ಹೆಚ್ಚಾಗಿ ಸವೇತಾಳಿಗೇ ಗೊತ್ತಿತ್ತು, ಕೇಡಾದದ್ದೇ ಅದರಿಂದ.

ಕೊರ್ನೇಲನ ಕಂಪನಿ ಎಂದರೆ ಒಂದು ಹಳೆಯ ಗೋದಾಮು, ಒಂದು ವ್ಯಾನು ಮತ್ತು ಸವೇತಾ. ತಟ್ಟೆ, ಬಟ್ಟಲು, ಹೂಜಿಗಳನ್ನು ಕುಂಬಾರರು ಅವರವರ ಮನೆಯಲ್ಲೇ ಮಾಡುತ್ತಿದ್ದರು. ಗಂಡ ತಿಗರಿಯಿಂದ ಇಳಿಸಿದ್ದರ ಮೇಲೆ ಹೆಂಡತಿ ಬಣ್ಣ ತುಂಬಿದ ಟೊಳ್ಳು ಕೊಂಬಿನ ತುದಿಯಿಂದ ಗೆರೆ ಬಿಟ್ಟು ಹುಂಜ ಬರೆಯುತ್ತಿದ್ದಳು. ಗುಡ್ಡದ ಮಣ್ಣು ಮೊದಲು ಯಾರ ಅಂಗಳಕ್ಕೆ ಹೋಗಬೇಕು, ಮೆರುಗಿನ ಪುಡಿ ಯಾರಲ್ಲಿ ಮುಗಿದಿದೆ, ಯಾರ ಮನೆಯ ಸುಡುವ ಆವಿಗೆ ಯಾವಾಗ ತಣಿಯುತ್ತದೆ, ವ್ಯಾನು ಯಾವ ಊರಿನ ಅಂಗಡಿಗೆ ಯಾವ ದಿನ ಮುಟ್ಟಬೇಕು, ಇದೆಲ್ಲ ಅವಳ ಪಾಲಿನ ಕೆಲಸ. ಆ ಜನರೋ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಪೈಕಿ. ಒಬ್ಬನ ಸೌದೆ ಹಸಿ, ಇನ್ನೊಬ್ಬನಿಗೆ ನಾದಿನಿಯ ಮದುವೆ. ಸವೇತಾ ಬೇಲಿಯ ಹೊರಗೆ ನಿಂತು ಕೂಗುತ್ತಿದ್ದಳು.

"ಇಲಾರಿಯೆ ಮಾವ, ಸೋಮವಾರಕ್ಕೆ ಬೇಕು ಅಂದಿದ್ನಲ್ಲ. ಇವತ್ತು ಯಾವ ವಾರ?"

"ನೀನೇ ಹೇಳವ್ವ. ದಿನಾ ನಿನ್ನ ವ್ಯಾನ್ ನೋಡಿ ನೋಡಿ ನಂಗೆ ವಾರಾನೇ ಮರ್ತೋಗಿದೆ," ಎಂದು ಆ ಮುದುಕ ನಗುತ್ತಿದ್ದ. ಊರಿನ ದೊಡ್ಡ ಆವಿಗೆ ಅವನದೇ.

ಬೇಸಿಗೆಯ ಹಿರಿಯರ ಶನಿವಾರ ಹತ್ತಿರ ಬಂದರೆ ಅವಳಿಗೆ ಊಟ ನಿದ್ದೆ ಎರಡೂ ಇಲ್ಲ. ಅಂದು ಮನೆಮನೆಯವರೂ ಹೊಸ ಬಟ್ಟಲಿನಲ್ಲಿ ಹಾಲನ್ನ ತುಂಬಿ, ಮೇಣದಬತ್ತಿ ಹಚ್ಚಿ, ಸತ್ತವರ ಹೆಸರಿನಲ್ಲಿ ನೆರೆಯವರಿಗೆ ದಾನ ಕೊಡುತ್ತಾರೆ. ಇಲ್ಲಿ ಕೊಟ್ಟದ್ದು ಅಲ್ಲಿ ಅವರ ಕೈ ಸೇರುತ್ತದೆ, ಬಟ್ಟಲು ಸಮೇತ. ಕೊಡದಿದ್ದರೆ ಸತ್ತವನು ಉಣ್ಣುವವರ ಮುಂದೆ ಬರಿಗೈಯಲ್ಲಿ ನಿಂತಿರಬೇಕು. ಹಾಗಾಗಿ ಆ ಶನಿವಾರಕ್ಕೆ ಸರಕು ತಡವಾದರೆ ಗಿರಾಕಿ ಕ್ಷಮಿಸುವುದಿಲ್ಲ.

ಆ ವರ್ಷ ಅವಳ ಅಪ್ಪ ಪಂತೆಲಿಗೆ ಅದು ಮೊದಲ ಶನಿವಾರ. ಚಳಿಗಾಲದಲ್ಲಿ ಸತ್ತಿದ್ದ. ಕೈ ಕೆಸರಾದರೆ ಬಾಯಿ ಮೊಸರು ಎಂದು ಹೇಳಿದವರು ಪಂತೆಲಿಯನ್ನು ಕಂಡಿರಲಿಲ್ಲ. ಅವನ ಕೈ ಕಡೆಯವರೆಗೂ ಕೆಸರಲ್ಲೇ ಇತ್ತು, ಮೊಸರು ಮಾತ್ರ ಆಗ ಕಂಪನಿ ನಡೆಸುತ್ತಿದ್ದ, ಕೊರ್ನೇಲನ ಅಪ್ಪ ಲೆಯೋಂತೆಯ ಬಾಯಿಗೆ ಹೋಯಿತು. ಲೆಯೋಂತೆ ಪ್ರತಿ ಬಟ್ಟಲನ್ನೂ ಬೆರಳಿನ ಉಂಗುರದಿಂದ ತಟ್ಟಿ ನೋಡುತ್ತಿದ್ದ. "ಬಿರುಕಿನ ಸದ್ದು ಬರ್ತಿದೆಯಲ್ಲೋ," ಎಂದು ಅರ್ಧ ಬೆಲೆ ಕೊಟ್ಟು, ಅದನ್ನೇ ಕ್ರಯೋವಾ ಪಟ್ಟಣದಲ್ಲಿ ಪೂರ್ತಿ ಬೆಲೆಗೆ ಮಾರುತ್ತಿದ್ದ. "ಬಿರುಕು ನನ್ನ ಬಟ್ಟಲಲ್ಲಿಲ್ಲ, ಆ ಉಂಗುರದಲ್ಲಿದೆ," ಎಂದು ಪಂತೆಲಿ ಬೈಯುತ್ತಿದ್ದದ್ದು ಮನೆಗೆ ಬಂದ ಮೇಲೆ, ಬಾಗಿಲು ಹಾಕಿಕೊಂಡು. ಒಳ್ಳೆಯದೆಲ್ಲ ಕಂಪನಿಗೆ ಹೋಗುತ್ತಿತ್ತು. ಮನೆಯವರು ಉಣ್ಣುತ್ತಿದ್ದದ್ದು ನಿಜವಾಗಿಯೂ ಬಿರುಕು ಬಿಟ್ಟದ್ದರಲ್ಲಿ.

ಸಾಯುವ ಮುಂಚಿನ ಶರತ್ಕಾಲದಲ್ಲಿ ಅವನು ತನಗೆಂದೇ ಬಟ್ಟಲು ಮಾಡಿದ. ತಳದಲ್ಲಿ ಎಂದಿನಂತೆ ತನ್ನ ಗುರುತಿಗೆ ಹೆಬ್ಬೆರಳು ಒತ್ತಿದ. ಒಂದಷ್ಟನ್ನು ಸುಟ್ಟು ಮುಗಿಸಿದ, ಉಳಿದವು ಹಸಿಯಾಗಿಯೇ ಇಲಾರಿಯೆಯ ಹಲಗೆಯ ಮೇಲೆ ಕೂತವು.

"ಇವು ಮಾರೋದಕ್ಕಲ್ಲ ಮಗಾ, ನನ್ನ ಹೆಸರಲ್ಲಿ ಕೊಡೋದಕ್ಕೆ," ಎಂದು ಮಗಳಿಗೆ ಹೇಳಿದ್ದ. "ಇಲ್ಲಂತೂ ಒಡಕಲಲ್ಲೇ ಉಂಡೆ. ಅಲ್ಲಾದ್ರೂ ನನ್ನ ಬಟ್ಟಲಲ್ಲಿ ನಾನು ಉಣ್ಬೇಕು."

ಮನೆಯಲ್ಲಿ ಜಾಗವಿರಲಿಲ್ಲ. ಸುಟ್ಟವನ್ನು ಸವೇತಾ ಗೋದಾಮಿನ ಮೂಲೆಯಲ್ಲಿ ಇಟ್ಟಿದ್ದಳು.

ಹಿರಿಯರ ವಾರದ ಮಂಗಳವಾರ ಒಂದು ಮನೆಯ ಸರಕು ಆವಿಗೆಯಲ್ಲೇ ಸೀಳಿಹೋಯಿತು. ಕೊರ್ನೇಲ ಗೋದಾಮಿಗೆ ಬಂದ.

"ಸವೇತಾ, ಒಬ್ಬ ಗಿರಾಕಿಗೆ ಬಟ್ಟಲು ಸಾಲ್ತಿಲ್ಲ. ಆ ಮೂಲೇಲಿರೋದನ್ನ ಕಟ್ಟಿಬಿಡು. ನಾನೇ ತಗೊಂಡೋಗ್ತೀನಿ."

"ಅದು ಅಪ್ಪಂದು, ಯಜಮಾನ್ರೇ."

"ಗೊತ್ತಮ್ಮ. ಕೈಗಡ ಅಂದ್ಕೊ. ಅವನು ಮಾಡಿದ್ದೇ ಇಲಾರಿಯೆ ಹತ್ರ ಇನ್ನೂ ಇದೆಯಲ್ಲ? ನಾಡಿದ್ದು ಆವಿಗೆ ಹಚ್ಚಿಸ್ತೀನಿ, ಶನಿವಾರ ಬೆಳಿಗ್ಗೆ ನಿನ್ನ ಕೈಲಿರುತ್ತೆ. ನಿನ್ನ ಸರಕು ಯಾವತ್ತಾದ್ರೂ ಕಡಿಮೆ ಬಿದ್ದಿದೆಯಾ?"

ಕೆಡಿಸಿದ್ದು ಆ ಕೊನೆಯ ಮಾತು. ಸವೇತಾ ಮನಸ್ಸಿನಲ್ಲೇ ಹೊಂದಿಸಿದಳು: ಬುಧವಾರ ಆವಿಗೆ ಖಾಲಿ, ಮರುದಿನ ಬೆಂಕಿ, ಅದರ ಮರುದಿನ ತಣಿಯುತ್ತದೆ. ಎಲ್ಲ ಸರಿಯಾಗಿ ಕೂತಿತು. ಬಟ್ಟಲುಗಳನ್ನು ಹುಲ್ಲಿನ ನಡುವೆ ಅಂಚಿನ ಮೇಲೆ ನಿಲ್ಲಿಸಿ, ಅಲುಗಾಡದಂತೆ ತಾನೇ ಕಟ್ಟಿಕೊಟ್ಟಳು. ಎಲ್ಲದಕ್ಕೂ ನೂರು ಪ್ರಶ್ನೆ ಕೇಳುವ ಹೆಂಗಸು, ಗಿರಾಕಿ ಯಾರು ಎಂದು ಮಾತ್ರ ಕೇಳಲಿಲ್ಲ.

ಗುರುವಾರ ಹೋಗಿ ನೋಡಿದರೆ ಆವಿಗೆಯ ಬಾಯಲ್ಲಿ ಹೊಗೆಯಿಲ್ಲ. ಇಲಾರಿಯೆ ಒಗೆದ ಅಂಗಿ ತೊಟ್ಟು ಜಗಲಿಯ ಮೇಲೆ ಕೈಕಟ್ಟಿ ಕೂತಿದ್ದ.

"ಮಾವ, ಬೆಂಕಿ ಯಾಕೆ ಹಚ್ಚಿಲ್ಲ?"

"ಇವತ್ತು ಬೆಂಕಿನಾ? ಈಸ್ಟರ್ ಕಳೆದ ಮೇಲಿನ, ಕೆಲ್ಸ ಮುಟ್ಟಬಾರದ ಗುರುವಾರ ಕಣವ್ವ ಇದು! ನಾನು ಆವಿಗೆ ಹಚ್ಚಿ ಆಲಿಕಲ್ಲು ಸುರಿದ್ರೆ ಊರೋರ ಪ್ಲಮ್ ತೋಟಕ್ಕೆ ಯಾರು ಹೊಣೆ? ನನ್ನ ಮನೇನೇ ಸುಟ್ಟುಬಿಡ್ತಾರೆ."

"ಯಜಮಾನ್ರು ಹೇಳ್ಲಿಲ್ವಾ?"

"ಯಾರೂ ಏನೂ ಹೇಳ್ಲಿಲ್ಲ. ನೋಡಿದ್ಯಾ, ವಾರ ಮರ್ತಿದ್ದು ನಾನಲ್ಲ, ನೀನು."

ಈಸ್ಟರ್ ಹಬ್ಬದಿಂದ ಹಿರಿಯರ ಶನಿವಾರದವರೆಗಿನ ಆ ಗುರುವಾರಗಳಲ್ಲಿ ಸವೇತಾ ಹುಟ್ಟಿದಾಗಿನಿಂದ ಒಂದು ಬಟ್ಟೆಯನ್ನೂ ಒಗೆದವಳಲ್ಲ. ಅಂದು ವ್ಯಾನನ್ನು ಕೂಡ ಕುಂಬಾರರ ಬೀದಿಗೆ ಕಳಿಸುತ್ತಿರಲಿಲ್ಲ. ಅಂಥವಳಿಗೆ ಹೇಗೆ ಮರೆಯಿತು? ಹೊಗಳಿಕೆ ತಲೆಗೇರಿದರೆ ಗುರುವಾರವೂ ಕಾಣುವುದಿಲ್ಲ, ಅಪ್ಪನೂ ಕಾಣುವುದಿಲ್ಲ.

"ಅಪ್ಪನಿಗೋಸ್ಕರ, ಮಾವ. ಕೈ ಮುಗೀತೀನಿ."

ಮುದುಕ ಜಗಲಿಯಿಂದ ಎದ್ದು ಬಂದು ಅವಳ ಮುಗಿದ ಕೈ ಇಳಿಸಿದ. "ನಿಮ್ಮಪ್ಪನೇ ಇದ್ದಿದ್ರೂ ಇವತ್ತು ಹಚ್ತಿರ್ಲಿಲ್ಲ ಮಗಳೇ," ಎಂದ. ಅದು ನಿಜವಾಗಿತ್ತು. ಅವಳು ಮತ್ತೆ ಕೇಳಲಿಲ್ಲ.

ಕೊರ್ನೇಲನೂ ಅದೇ ಊರಿನಲ್ಲಿ ಹುಟ್ಟಿದವನು. ಅವನಿಗೆ ಗುರುವಾರ ಗೊತ್ತಿಲ್ಲವೆಂದರೆ ನಾನಂತೂ ನಂಬುವುದಿಲ್ಲ.

ಶುಕ್ರವಾರ ಅವಳು ಪೇಟೆಗೆ ಹೋಗಿ, ಯಾವುದೋ ದೇಶದ ಕಾರ್ಖಾನೆಯ ಬಿಳಿ ಬಟ್ಟಲುಗಳನ್ನು ತಂದಳು. ಊರಿಗೆ ಉಪಕಾರಿ, ಮನೆಗೆ ಮಾರಿ. ಶನಿವಾರ ಅವುಗಳಲ್ಲೇ ಹಾಲನ್ನ ತುಂಬಿ, ಚರ್ಚಿನ ಅಂಗಳದಲ್ಲಿ ಪಂತೆಲಿಯ ಹೆಸರು ಹೇಳಿ ಹಂಚಿದಳು. ತೆಗೆದುಕೊಂಡವರು ಬಟ್ಟಲನ್ನು ನೋಡಿ, ಅವಳನ್ನು ನೋಡಿ, "ದೇವರು ಮುಟ್ಟಿಸಲಿ" ಎಂದರು. ಕುಂಬಾರನ ಮಗಳು! ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆಗ ಕೊರ್ನೇಲನ ತಾಯಿ, ಮುದುಕಿ ಸ್ಮರಾಂದಾ, ಬತ್ತಿ ಉರಿಯುತ್ತಿದ್ದ ಬಟ್ಟಲೊಂದನ್ನು ಹಿಡಿದು ಅವಳ ಮುಂದೆ ಬಂದು ನಿಂತಳು.

"ತಗೊಳ್ಳವ್ವ ಸವೇತಾ, ನಮ್ಮ ಲೆಯೋಂತೆ ಹೆಸರಲ್ಲಿ. ಈ ಸಲ ನನ್ನ ಮಗ ಎಂಥಾ ಬಟ್ಟಲು ತಂದ್ಕೊಟ್ಟಿದ್ದಾನೆ ನೋಡು! ಅಂಗಡೀಲಿ ಹುಡುಕಿದ್ರೂ ಸಿಗಲ್ಲ."

ಅನ್ನದ ಅಂಚಿನಲ್ಲಿ ಹುಂಜದ ಬಾಲ ಕಾಣುತ್ತಿತ್ತು. ಸವೇತಾ ಬಟ್ಟಲಿನ ತಳ ಸವರಿದಳು. ಹೆಬ್ಬೆರಳಿನ ಗುಳಿ ಬೆರಳಿಗೆ ಸಿಕ್ಕಿತು. ತಲೆಯೆತ್ತಿದರೆ ಅಂಗಳದ ತುಂಬ, ಕೈಕೈಯಲ್ಲೂ ಅದೇ ಹುಂಜ. ದೂರದಲ್ಲಿ ಕೊರ್ನೇಲ ತನ್ನ ಕೈಯ ಮೇಣದಬತ್ತಿಯನ್ನು, ಎಂದೂ ಕಾಣದ ವಸ್ತುವಿನಂತೆ, ನೋಡುತ್ತ ನಿಂತಿದ್ದ.

ಸತ್ತವರ ಹೆಸರಿನ ದಾನವನ್ನು ಬೇಡ ಎನ್ನುವಂತಿಲ್ಲ. ಅದು ಸತ್ತವನ ಬಾಯಿಯ ತುತ್ತನ್ನು ಕಿತ್ತುಕೊಂಡಂತೆ. ತೆಗೆದುಕೊಂಡವರು ಹೇಳಬೇಕಾದ ಮಾತನ್ನು ಬಾಯಿಬಿಟ್ಟು ಹೇಳಲೂ ಬೇಕು, ಇಲ್ಲದಿದ್ದರೆ ದಾನ ಮುಟ್ಟುವುದಿಲ್ಲ. ಮುದುಕಿ ಅದಕ್ಕಾಗಿ ಕಾಯುತ್ತಿದ್ದಳು.

"ದೇವರು ಮುಟ್ಟಿಸಲಿ," ಎಂದಳು ಸವೇತಾ. "ಲೆಯೋಂತೆಗೇ ಮುಟ್ಟಿಸಲಿ."

ಅವಳು ಕಟ್ಟಿದ ಸರಕು ಆ ಸಲವೂ ಹೇಳಿದ ಹೊತ್ತಿಗೆ, ಒಂದೂ ಒಡೆಯದೆ, ಮುಟ್ಟಬೇಕಾದಲ್ಲಿಗೆ ಮುಟ್ಟಿತು.