ಹಬ್ಬಕ್ಕೆ ಗುಡಿಸದ ಹಿತ್ತಲು

ಕಸ ಕಂಡರೆ ನನಗೆ ಮೊದಲಿನಿಂದಲೂ ಕೈ ಸುಮ್ಮನಿರುವುದಿಲ್ಲ. ಮದುವೆಯಾಗಿ ಹಿರಿಯೂರಿಗೆ ಹೋದ ಹೊಸತರಲ್ಲೇ ನಮ್ಮ ಯಜಮಾನರಿಗೆ ಇದು ಗೊತ್ತಾಗಿಹೋಗಿತ್ತು. "ನಿನ್ನ ಕೈಗೆ ಪೊರಕೆ ಕೊಟ್ರೆ ದುರ್ಗದ ತನಕ ರಸ್ತೆ ಗುಡಿಸ್ಕಂಡು ಹೋಗ್ತೀಯ ನೀನು" ಎಂದು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ಗಲೀಜಿನ ವಿಷಯದಲ್ಲಿ ತಮಾಷೆ ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥ ನಾನು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದು, ಯುಗಾದಿ ಹತ್ತಿರಾಗುತ್ತಿದ್ದರೂ ಹಿತ್ತಲಿನ ಒಂದು ತರಗೆಲೆಯನ್ನೂ ಮುಟ್ಟದೆ ಕೂತಿದ್ದೆ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ನನ್ನ ತವರು ಹೊಸದುರ್ಗ ತಾಲ್ಲೂಕಿನಲ್ಲಿ, ಮಾಡದಕೆರೆ ದಾಟಿದ ಮೇಲೆ ಸಿಗುವ ಒಂದು ಹಳ್ಳಿ. ಮನೆಯ ಹಿಂದೆ ಅಗಲವಾದ ಹಿತ್ತಲು. ಮಳೆಗಾಲದಲ್ಲಿ ಅವ್ವ ಅಲ್ಲಿ ಅವರೆ ಚಪ್ಪರ ಹಾಕಿಸುತ್ತಿದ್ದಳು, ಬೇಲಿಯುದ್ದಕ್ಕೂ ತೊಗರಿ ಬಿತ್ತುತ್ತಿದ್ದಳು. ಶಿವರಾತ್ರಿ ಕಳೆಯುವ ಹೊತ್ತಿಗೆ ಎಲ್ಲವೂ ಒಣಗಿ ಬೇವಿನ ಎಲೆಯ ಜೊತೆ ಸೇರಿ ದೊಡ್ಡ ಕಸದ ರಾಶಿಯಾಗುತ್ತಿತ್ತು. ಊರಿನವರೆಲ್ಲ ಹಬ್ಬಕ್ಕೆ ಮುಂಚೆ ಅದನ್ನು ಕಿತ್ತು, ಗುಡ್ಡೆ ಹಾಕಿ, ಬೆಂಕಿ ಇಡುತ್ತಿದ್ದರು. ಆ ವರ್ಷವೂ ಅಕ್ಕಪಕ್ಕದ ಹಿತ್ತಲುಗಳಿಂದ ಹೊಗೆ ಏಳುತ್ತಿತ್ತು. ನಮ್ಮದು ಮಾತ್ರ ಹಾಗೇ ನಿಂತಿತ್ತು.

ಬಸುರಿ ಇರುವ ಮನೆಯಲ್ಲಿ ಹಸಿ ಗಿಡ ಕಡಿಯಬಾರದು, ಹಾವು ಹೊಡೆಯಬಾರದು ಎನ್ನುವುದು ನಮ್ಮ ಕಡೆ ಎಲ್ಲರೂ ಪಾಲಿಸುತ್ತಿದ್ದ ಮಾತು. ಒಣಗಿದ್ದಕ್ಕೆ ಯಾವ ಕಟ್ಟೂ ಇರಲಿಲ್ಲ. ಅದನ್ನು ಸೇರಿಸಿದವಳು ನಮ್ಮವ್ವ. ಹಿಂದಿನ ವರ್ಷ ನನ್ನ ಅಣ್ಣ, ಹೊಲದಲ್ಲಿ ಕೆಲಸವಿಲ್ಲವೆಂದು, ಹಬ್ಬ ಇನ್ನೂ ದೂರ ಇರುವಾಗಲೇ ಚಪ್ಪರ ಕಿತ್ತು ಹಿತ್ತಲು ಬರಿದು ಮಾಡಿದ್ದ. ಬಳ್ಳಿಯ ಬುಡದಲ್ಲಿ ಇನ್ನೂ ಹಸಿರಿತ್ತಂತೆ. ಅದೇ ವಾರ ಅತ್ತಿಗೆಯ ಬಸಿರು ಇಳಿದುಹೋಯಿತು. ಅವ್ವ ಅವನ ಮುಖಕ್ಕೇ ಹೇಳಿದಳು: "ನಿನ್ನ ಕೈಯಾರೆ ಕಿತ್ತು ಹಾಕಿದ್ಯಲ್ಲೋ." ಅಣ್ಣ ಸ್ವಲ್ಪ ದಿನಕ್ಕೆ ಹೆಂಡತಿಯನ್ನು ಕರೆದುಕೊಂಡು ದುರ್ಗಕ್ಕೆ ಹೋಗಿ ಎಣ್ಣೆ ಮಿಲ್ಲೊಂದರಲ್ಲಿ ಕೆಲಸಕ್ಕೆ ಸೇರಿದ. ಆಮೇಲೆ ಹಬ್ಬಕ್ಕೂ ಊರಿಗೆ ಬರಲಿಲ್ಲ.

ಹಾಗಾಗಿ ನಾನು ಬಸ್ಸಿಳಿದು ಮನೆಗೆ ಬಂದು ಇನ್ನೂ ನೀರು ಕುಡಿದಿರಲಿಲ್ಲ, ಅವ್ವ ಹಿತ್ತಲ ಬಾಗಿಲಿಗೆ ಅಡ್ಡ ನಿಂತಳು.

"ಇಲ್ಲಿಂದ ಆಚಿಕೆ ಏನನ್ನೂ ಮುಟ್ಟಬ್ಯಾಡ. ಒಣಕಲಾಗ್ಲಿ, ಹಸಿಯಾಗ್ಲಿ. ಕೂಸು ಕೈಗೆ ಬರ್ಲಿ, ಆಮ್ಯಾಲೆ ನೀನೇ ಗುಡಿಸೀಯಂತೆ."

"ಕಸಕ್ಕೂ ಕೂಸಿಗೂ ಏನವ್ವ ಸಂಬಂಧ?"

"ನಂಗೇನು ಗೊತ್ತು? ಐತೇನೋ ಇಲ್ಲೇನೋ. ಮುಟ್ಟಬ್ಯಾಡ ಅಂದೆ, ಅಷ್ಟೆ."

ನಾನು ಹೈಸ್ಕೂಲು ಓದಿದವಳು, ಇದನ್ನೆಲ್ಲ ನಂಬುವವಳಲ್ಲ ಎಂದು ಜಂಭ ಬೇರೆ ಇತ್ತು. ಆದರೂ ಏನಾದರೂ ಆಗಿಬಿಟ್ಟರೆ ಅಣ್ಣನಿಗೆ ಬಿದ್ದ ಮಾತು ನನ್ನ ತಲೆಗೂ ಬೀಳುತ್ತದೆಂಬ ಭಯ ಅದಕ್ಕಿಂತ ದೊಡ್ಡದಿತ್ತು. ಮುಚ್ಚುಮರೆ ಏಕೆ, ನಾನು ಹೆದರಿದ್ದೆ.

ದಿನ ಕಳೆದಂತೆ ಆ ಹಿತ್ತಲನ್ನು ನೋಡುವುದೇ ಕಷ್ಟವಾಯಿತು. ಮಧ್ಯಾಹ್ನದ ಬಿಸಿಲಿಗೆ ಚಪ್ಪರದಲ್ಲಿ ಉಳಿದಿದ್ದ ಅವರೆಕಾಯಿ ಚಟ್ ಎಂದು ಒಡೆಯುತ್ತಿದ್ದವು. ಒಳಗೆ ಮಲಗಿದ್ದ ನಾನು ಪ್ರತಿ ಸಲವೂ ಬೆಚ್ಚುತ್ತಿದ್ದೆ. ಗಾಳಿಯೇ ಇಲ್ಲದಾಗಲೂ ತರಗಿನಲ್ಲಿ ಏನೋ ಸರಿದ ಸದ್ದು. ದಿನವಿಡೀ ಕೆದಕುತ್ತಿದ್ದ ಕೋಳಿಗಳು ಬೇವಿನ ಬುಡಕ್ಕೆ ಹೋಗುವುದನ್ನು ಬಿಟ್ಟವು. "ಕೋಳಿ ಯಾಕವ್ವ ಆ ಕಡೆ ಹೋಗ್ತಿಲ್ಲ?" ಎಂದರೆ ಅವ್ವ ಕೇಳಿಸದವಳಂತೆ ಮೊರದಲ್ಲಿ ರಾಗಿ ಕೇರುತ್ತಿದ್ದಳು.

ಒಂದು ದಿನ ಅಪ್ಪ ಹೊಲಕ್ಕೆ, ಅವ್ವ ಹಿಟ್ಟಿನ ಗಿರಣಿಗೆ ಹೋಗಿದ್ದರು. ನಾನು ಸೂರಿಗೆ ಸಿಕ್ಕಿಸಿದ್ದ ಕುಡುಗೋಲನ್ನು ತೆಗೆದುಕೊಂಡು ಚಪ್ಪರದ ಕೆಳಗೆ ಹೋಗಿ ನಿಂತೆ. ಅಪ್ಪನ ಬೀಡಿಯ ಬೆಂಕಿಪೊಟ್ಟಣವೂ ಸೆರಗಿನಲ್ಲಿತ್ತು. ಅವ್ವ ಬರುವುದರೊಳಗೆ ಎಲ್ಲ ಬೂದಿಯಾಗಿರುತ್ತಿತ್ತು. ಒಂದು ಬಳ್ಳಿಯನ್ನು ಎಡಗೈಯಲ್ಲಿ ಹಿಡಿಯಬೇಕು, ಅಷ್ಟರಲ್ಲಿ ಹೊಟ್ಟೆಯಲ್ಲಿ ಕೂಸು ಜೋರಾಗಿ ಒದೆಯಿತು. ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಕುಡುಗೋಲನ್ನು ಮೊದಲಿದ್ದಲ್ಲೇ ಸಿಕ್ಕಿಸಿ, ಒಳಗೆ ಬಂದು ಗೋಡೆಗೆ ಒರಗಿ ಕೂತು ಅತ್ತೆ. ಸಿಟ್ಟಿಗೆ ಅತ್ತೆನೋ ಹೆದರಿಕೆಗೋ, ಈಗ ಹೇಳಲಾರೆ.

ಆಮೇಲೊಂದು ಸಂಜೆ ಬಿರುಗಾಳಿ ಎದ್ದು ಚಪ್ಪರ ತಾನೇ ಬಿತ್ತು. ಬಚ್ಚಲಿಗೆ ಹೋಗುವ ದಾರಿಗೆ ಅಡ್ಡಲಾಗಿ ಬಿದ್ದಿತ್ತು. ಅದನ್ನೂ ಯಾರೂ ಎತ್ತಲಿಲ್ಲ. ಅಪ್ಪ ಅದನ್ನು ದಾಟುವಾಗ ಪಂಚೆ ಸಿಕ್ಕಿಕೊಂಡು ಮುಗ್ಗರಿಸಿ ಬೈದುಕೊಂಡರೇ ಹೊರತು ಒಂದು ಕಡ್ಡಿಯನ್ನೂ ಸರಿಸಲಿಲ್ಲ. ನಾವು ಗೋಡೆ ಪಕ್ಕ ಸುತ್ತಿ ಹೋಗುವುದನ್ನು ರೂಢಿ ಮಾಡಿಕೊಂಡೆವು. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಇಣುಕಿ, "ಏನ್ರವ್ವ, ಯಾರೂ ಇಲ್ಲದ ಮನೆ ಇದ್ದಂಗೆ ಐತಲ್ರಿ ನಿಮ್ ಹಿತ್ಲು" ಎಂದಳು. ಅವ್ವ ನೆಲಕ್ಕೆ ಉಗಿದು ಒಳಗೆ ಬಂದಳು. ಆ ಮಾತು ನನಗೂ ಒಳಗೆ ಚುಚ್ಚಿತು.

ಹಬ್ಬಕ್ಕೆ ಮನೆಗೆ ಸುಣ್ಣ ಬಳಿಯುತ್ತಿದ್ದ ದಿನ, ಕೂಸು ಬೆಳಗಿನಿಂದ ಒದ್ದಿಲ್ಲವೆಂದು ನನಗೆ ಹೊಳೆಯಿತು. ಬೆಲ್ಲದ ನೀರು ಕುಡಿದೆ, ಮಗ್ಗುಲು ಬದಲಿಸಿ ಮಲಗಿದೆ. ಹೊಟ್ಟೆಯ ಮೇಲೆ ಕೈಯಿಟ್ಟು ಕಾದೆ. ಅವ್ವನೂ ಕೈಯಿಟ್ಟಳು. ಅವಳ ಮುಖ ನೋಡಿದ ಮೇಲೆ ನನಗೆ ಏನನ್ನೂ ಕೇಳಬೇಕೆನಿಸಲಿಲ್ಲ. ಅಪ್ಪ ಗಾಡಿ ಕಟ್ಟಿದರು. ಹೊಸದುರ್ಗದ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು, ಉಸಿರಿರಲಿಲ್ಲ. ತಲೆತುಂಬ ಕೂದಲಿತ್ತು. ನರ್ಸಮ್ಮ ನನ್ನ ಹಣೆ ಒರೆಸಿ, "ನೀನೇನೂ ಮಾಡಿಲ್ಲ ಕಣಮ್ಮ, ಹೀಗೆ ಒಂದೊಂದು ಸಲ ಆಗ್ತದೆ" ಎಂದಳು. ನಾನೇನೂ ಮಾಡಿರಲಿಲ್ಲ, ನಿಜ. ಒಂದು ಎಲೆಯನ್ನೂ ಮುಟ್ಟಿರಲಿಲ್ಲ. ಬೈದುಕೊಳ್ಳಲು ನನ್ನದೊಂದು ತಪ್ಪೂ ಇಲ್ಲದ್ದಕ್ಕೆ ದುಃಖ ಇನ್ನೂ ಹೆಚ್ಚಾಯಿತು.

ಮನೆಗೆ ಬಂದ ಮೇಲೆ ಅವ್ವ ಊಟ ಬಿಟ್ಟಳು. ನನಗೆ ಬಾಣಂತಿಯ ಸಾರು ಬಡಿಸಿ, ಮುದ್ದೆ ಮುರಿದು ಕೊಟ್ಟು, ತಾನು ಮಾತ್ರ "ಹಸಿವಿಲ್ಲ" ಎಂದು ಎದ್ದುಬಿಡುತ್ತಿದ್ದಳು. ಅಪ್ಪ ಗದರಿದರೂ ಕೇಳಲಿಲ್ಲ. ಕೆನ್ನೆ ಒಳಗೆ ಹೋಗಿ, ಎದ್ದರೆ ಕಂಬ ಹಿಡಿದುಕೊಳ್ಳುವಂತಾದಳು. ಕೂಸು ಹೋಯಿತು, ಇನ್ನು ಇವಳೂ ಹೋಗುತ್ತಾಳೆ ಎಂದು ನನಗೆ ಭಯವಾಯಿತು.

ಒಂದು ಬೆಳಿಗ್ಗೆ ಬಚ್ಚಲಲ್ಲಿ ನನಗೆ ನೀರು ಹಾಕುತ್ತಿದ್ದಳು. ಬೆನ್ನಿನ ಮೇಲೆ ಸುರಿಯುತ್ತಿದ್ದ ಬಿಸಿನೀರು ನಿಂತಿತು. ತಿರುಗಿ ನೋಡಿದರೆ ಚೊಂಬನ್ನು ಕೆಳಗಿಟ್ಟು ಗೋಡೆಗೆ ಒರಗಿ ನಿಂತಿದ್ದಾಳೆ.

"ನಾನೇ ಕಣೆ," ಎಂದಳು. "ಸುಣ್ಣ ಬಳಿಯೋ ಹಿಂದಿನ ದಿನ ಸೌದೆ ಹಸಿ ಇತ್ತು, ಹಂಡೆ ಒಲೆ ಹತ್ಲಿಲ್ಲ. ನಿಂಗೆ ನೀರು ಕಾಯ್ಲಿ ಅಂತ ಬೇಲಿಯಾಗಿಂದ ತೊಗರಿಕಟ್ಟಿಗೆ ಮುರ್ಕಂಡೆ. ಒಂದೇ ಹಿಡಿ. ಯಾವ ಬಾಯಾಗೆ ನನ್ ಮಗನ್ನ ಅಂದ್ನೋ, ಅದೇ ಬಾಯಾಗೆ ಅನ್ನ ಹೆಂಗೆ ತಿನ್ಲಿ ಹೇಳು."

ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ಕೈ ಕಟ್ಟಿ ಕೂರಿಸಿ ತಾನು ಮುರಿದುಕೊಂಡಳಲ್ಲ ಎಂದು ಒಂದು ಕ್ಷಣ ಕಣ್ಣು ಕತ್ತಲಿಟ್ಟಿತು. ನಂಬುವುದಿಲ್ಲ ಎನ್ನುತ್ತಿದ್ದವಳಿಗೆ ಆ ಸಿಟ್ಟು ಎಲ್ಲಿಂದ ಬಂತೋ. ಒಂದು ಹಿಡಿ ಕಡ್ಡಿಗೆ ಕೂಸು ಸಾಯುವುದಿಲ್ಲ ಎಂದು ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ. ಅವಳ ಮೊಳಕೈ ಮೂಳೆ ಚರ್ಮದೊಳಗಿಂದ ಎದ್ದು ಕಾಣುತ್ತಿತ್ತು.

"ನೀನಲ್ಲವ್ವ," ಎಂದೆ. "ನಿನಗಿಂತ ಮೊದ್ಲೇ ನಾನು ಕುಡುಗೋಲು ಹಾಕಿದ್ದೆ. ನೀನು ಗಿರಣಿಗೆ ಹೋಗಿದ್ಯಲ್ಲ, ಅವತ್ತು. ಹಸಿರು ಬಳ್ಳೀನೇ ಕೊಯ್ದೆ. ಚಪ್ಪರ ಅದಕ್ಕೇ ಬಿತ್ತು."

ಅವ್ವ ನನ್ನನ್ನೇ ದಿಟ್ಟಿಸಿದಳು. ನನ್ನ ಸ್ವಭಾವ ಬಲ್ಲವಳು, ಒಂದಿಷ್ಟೂ ಅನುಮಾನ ಪಡಲಿಲ್ಲ. "ನಿನ್ ಕೈ ಸೇದೋಗ! ತಡ್ಕಳಕೆ ಆಗ್ಲಿಲ್ವೇನೇ ನಿಂಗೆ?" ಎಂದು ಒದ್ದೆ ಬೆನ್ನಿಗೆ ಎರಡು ಬಾರಿಸಿದಳು. ಆಮೇಲೆ ನನ್ನನ್ನು ತಬ್ಬಿಕೊಂಡು ಗೋಳೋ ಎಂದು ಅತ್ತಳು. ಆ ಮಧ್ಯಾಹ್ನ ಅವಳು ಊಟ ಮಾಡಿದಳು.

ನನಗೆ ಮುಂದೆ ಇಬ್ಬರು ಗಂಡುಮಕ್ಕಳಾದರು. ಅವ್ವ ಅವರನ್ನು ಮಡಿಲಲ್ಲಿ ಕೂರಿಸಿಕೊಂಡು, ನಾನು ಎದುರಿಗಿದ್ದಾಗಲೇ ಹೇಳುತ್ತಿದ್ದಳು: "ನಿಮ್ಮವ್ವ ಸ್ವಲ್ಪ ತಡ್ಕಂಡಿದ್ರೆ ನಿಮಗೊಬ್ಳು ಅಕ್ಕ ಇರ್ತಿದ್ಲು." ಮಕ್ಕಳು ನನ್ನ ಮುಖ ನೋಡುತ್ತಿದ್ದರು. ಯಾರ ಒಂದು ಮಾತನ್ನೂ ಸಹಿಸದ ನಾನು, ಅವಳು ಸಾಯುವ ತನಕ, ಆ ಮಾತಿಗೆ ಒಮ್ಮೆಯೂ ಎದುರಾಡಲಿಲ್ಲ.