ಅರಕಲಗೂಡಿನವನ ಬೆನ್ನು

ಆಗಸ್ಟ್ ಬಂತೆಂದರೆ ಅವನ ಅಂಗೈಗಳೆರಡೂ ಕರ್ರಗಾಗುತ್ತಿದ್ದವು. ಹೊಗೆಸೊಪ್ಪು ಮುರಿಯುವಾಗ ಕೈಗೆ ಹತ್ತುವ ಅಂಟು ಸೋಪಿಗೂ ಜಗ್ಗದು, ಸೀಮೆಎಣ್ಣೆಗೂ ಜಗ್ಗದು. ಆ ಕೈಯಲ್ಲಿ ಅವನು ಭಾನುವಾರ ಬೆಳಿಗ್ಗೆ ಹಾಸನದ ಕರಾಟೆ ಕ್ಲಾಸಿಗೆ ಬಂದು ನನ್ನ ಬಿಳಿ ಅಂಗಿಯ ಕೊರಳಪಟ್ಟಿ ಹಿಡಿದನೆಂದರೆ ಐದು ಬೆರಳೂ ಅಚ್ಚೊತ್ತಿದ ಹಾಗೆ ಮೂಡುತ್ತಿದ್ದವು. ಕಲೆ ಉಜ್ಜಿ ಉಜ್ಜಿ ಸುಸ್ತಾದ ನಮ್ಮಮ್ಮ, "ನೀನು ಕಲಿಯಕ್ಕೆ ಹೋಗ್ತಿರೋದು ಕರಾಟೆನೋ, ರಸ್ತೆಗೆ ಟಾರು ಹಾಕೋದೋ?" ಎಂದು ಬೈಯುತ್ತಿದ್ದರು. ಅವನಿಗೆ ಹೇಳಿದರೆ ನಗುತ್ತಿದ್ದ. "ಅಮ್ಮಂಗೆ ಹೇಳ್ಲಾ, ಸೊಪ್ಪು ಮುಗಿಯೋಗಂಟ ತಡ್ಕಳಿ ಅಂತ."

ನಮ್ಮ ಕ್ಲಾಸು ನಡೆಯುತ್ತಿದ್ದದ್ದು ಒಂದು ಕಲ್ಯಾಣಮಂಟಪದ ಊಟದ ಹಾಲಿನಲ್ಲಿ. ಮದುವೆ ಇದ್ದ ಭಾನುವಾರ ನಮ್ಮನ್ನು ತಾರಸಿಗೆ ಹತ್ತಿಸುತ್ತಿದ್ದರು. ಕೆಳಗಿನಿಂದ ಸಾರಿನ ಒಗ್ಗರಣೆಯ ವಾಸನೆ ಬರುತ್ತಿರುವಾಗ ಹಸಿದ ಹೊಟ್ಟೆಯಲ್ಲಿ ಗಾಳಿಗೆ ಗುದ್ದುತ್ತಿದ್ದೆವು. ಮಾಸ್ಟರಿಗೆ ಶಿಷ್ಯರ ಹೆಸರು ನೆನಪಿರುತ್ತಿರಲಿಲ್ಲ. ನೆನಪಿಟ್ಟುಕೊಳ್ಳುವ ಮನಸ್ಸೂ ಇರಲಿಲ್ಲ ಅನ್ನಿ. ಊರು ಹಿಡಿದು ಕೂಗುತ್ತಿದ್ದರು. ನಾನು ಚನ್ರಾಯಪಟ್ಣ. ದೇವಸ್ಥಾನದ ಬೀದಿಯ ಮೇಷ್ಟರ ಮಗನೊಬ್ಬನಿದ್ದ, ಅವನು ಹೊಳೆನರಸೀಪುರ. ಇವನು ಅರಕಲಗೂಡು. ನಿಜವಾಗಿ ಇವನದು ರಾಮನಾಥಪುರದ ಪಕ್ಕದ ಹಳ್ಳಿ. ಆದರೆ ನಮ್ಮ ಮಾಸ್ಟರ್ ತಾಲ್ಲೂಕಿಗಿಂತ ಕೆಳಗೆ ಇಳಿಯುತ್ತಿರಲಿಲ್ಲ. ನಾವು ಮೂವರೂ ಒಬ್ಬರನ್ನೊಬ್ಬರು ಹಾಗೇ ಕರೆಯುವುದು ರೂಢಿಯಾಯಿತು. ಇವತ್ತಿಗೂ ನನ್ನ ಫೋನಿನಲ್ಲಿ ಅವನ ನಂಬರಿರುವುದು ಅರಕಲಗೂಡು ಎಂದೇ.

ಮಾಸ್ಟರ್ ಪದೇಪದೇ ಹೇಳುತ್ತಿದ್ದ ಪಾಠ ಒಂದೇ. ಎದುರಿಗಿರುವವನ ಕಣ್ಣಿನಿಂದ ಕಣ್ಣು ಕೀಳಬೇಡಿ. ಕೈ ನೋಡಿದರೆ ಕೈ ಮಾತ್ರ ಕಾಣುತ್ತದೆ, ಕಣ್ಣು ನೋಡಿದರೆ ಎಲ್ಲವೂ ಕಾಣುತ್ತದೆ. ಅರಕಲಗೂಡಿನವನು ಇದನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡನೆಂದರೆ, ಕ್ಲಾಸು ಮುಗಿಸಿ ಹೋಟೆಲಿಗೆ ಹೋದಾಗಲೂ ಬಡಿಸುವವನನ್ನು ಕಣ್ಣಲ್ಲಿ ಕಣ್ಣಿಟ್ಟೇ ನೋಡುತ್ತಿದ್ದ. ಆ ಮನುಷ್ಯ ಗಾಬರಿಯಾಗಿ ಇನ್ನೊಂದು ಸೌಟು ಚಟ್ನಿ ಹಾಕಿ ಹೋಗುತ್ತಿದ್ದ.

ಬ್ರೌನ್ ಬೆಲ್ಟ್ ಪರೀಕ್ಷೆಯಲ್ಲಿ ಅವನು ಮೊದಲ ಸಲಕ್ಕೇ ಪಾಸಾದ. ನಾನು ಡುಮ್ಕಿ ಹೊಡೆದೆ. ಮುಂದಿನ ಭಾನುವಾರ ನೋಡಿದರೆ ಅವನ ಸೊಂಟದಲ್ಲಿ ಹಳೆಯ ಬೆಲ್ಟೇ ಇದೆ. ಹೊಸದು ಬ್ಯಾಗಿನಲ್ಲಿ ಮಡಿಸಿದ ಹಾಗೇ ಇತ್ತು. ಮಾಸ್ಟರ್ ರೇಗಿದರು. ಇವನು ತಲೆ ಕೆರೆದುಕೊಂಡು, "ಚನ್ರಾಯಪಟ್ಣದೋನು ಪಾಸಾಗ್ಲಿ ಸಾ, ಜೊತೇಲೇ ಕಟ್ಕತೀವಿ" ಎಂದ.

"ಅವನು ಈ ಜನ್ಮದಲ್ಲಿ ಪಾಸಾಗಲ್ಲ ಕಣಯ್ಯ."

"ಆಯ್ತಾನೆ ಬುಡಿ ಸಾ. ಒಂದೆತ್ತು ಮುಂದ್ಕೆ ಓಗಿ ಒಂದೆತ್ತು ಇಂದೆ ನಿಂತ್ರೆ ಗಾಡಿ ಓಯ್ತದಾ?"

ಎರಡನೆಯ ಸಲವೂ ನಾನು ಪಾಸಾಗಲಿಲ್ಲ. ಮೂರನೆಯದಕ್ಕೆ ಆದೆ. ಅಷ್ಟರಲ್ಲಿ ಒಂಬತ್ತು ತಿಂಗಳು ಕಳೆದಿದ್ದವು. ಅಷ್ಟೂ ದಿನ ಅವನು ತನಗಿಂತ ಹಿಂದಿನವರ ಸಾಲಿನಲ್ಲಿ ನಿಂತು ಗುದ್ದಿದ. ಬೆಲ್ಟು ಕಟ್ಟಿಕೊಂಡ ದಿನ ನಾನು ಏನೋ ದೊಡ್ಡ ಮಾತಾಡಲು ಬಾಯಿ ತೆರೆದರೆ, "ಗಂಟು ಸರ್ಯಾಗಿ ಹಾಕ್ಕಳ್ಲಾ, ಬಿಚ್ಕಂಡು ಬಿದ್ದಾತು" ಎಂದು ಬಾಯಿ ಮುಚ್ಚಿಸಿದ.

ಸಿನಿಮಾದ ಹುಚ್ಚು ನನ್ನದು. ಕ್ಲಾಸು ಬಿಟ್ಟ ಮೇಲೆ ಕೆಲವು ವರ್ಷ ಅವರಿವರ ಹತ್ತಿರ ಸಹಾಯಕನಾಗಿ ಕ್ಲ್ಯಾಪ್ ಹೊಡೆದು, ಟೀ ಹಂಚಿ, ಕೊನೆಗೆ ನನ್ನದೇ ಒಂದು ಕಥೆ ಬರೆದೆ. ಹೊಳೆದಂಡೆಯ ಹಳ್ಳಿಯೊಂದರಲ್ಲಿ ಮರಳು ಹೊಡೆಯುವವರಿಗೆ ಎದುರು ನಿಲ್ಲುವ ರೈತನ ಮಗನ ಕಥೆ. ಬರೆಯುವಾಗ ಕಣ್ಣ ಮುಂದೆ ಇದ್ದವನು ಅರಕಲಗೂಡಿನವನೇ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುತ್ತಾ "ನೀನೇ ಹೀರೋ" ಎಂದೆ. ಅವನು ಲೋಟ ಕೆಳಗಿಟ್ಟ.

"ಈ ಮೊಕನಾ? ಸೆನ್ಸಾರ್‌ನೋರು ಬುಟ್ಟಾರೇನ್ಲಾ?"

ತಮಾಷೆ ಮಾಡಿದನೇ ಹೊರತು ಆ ಮಾತನ್ನು ಅವನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಒಂದು ವರ್ಷ ನಾಲೆಯ ಏರಿಯ ಮೇಲೆ ಬೆಳಿಗ್ಗೆ ಓಡಿದ. ಕೂದಲು ಬಿಟ್ಟ. ಸಂಜೆಗೆ ಮೂರು ಮುದ್ದೆ ಉಣ್ಣುತ್ತಿದ್ದವನು ಒಂದಕ್ಕೆ ಇಳಿದ. ನಾನು ಅವರ ಮನೆಗೆ ಹೋದಾಗ ಅವನ ತಾಯಿ ತಟ್ಟೆ ಮುಂದಿಟ್ಟು ನನ್ನ ಮೇಲೆ ಹಾರಾಡಿದರು. "ಸಿನಿಮಾಕ್ಕೋಸ್ಕರ ಮುದ್ದೆ ಬುಟ್ಟೋನ್ನ ಎಲ್ಲಾರ ಕಂಡಿದೀಯೇನಪ್ಪ? ನೀನಾರ ಯೋಳು." ನಾನು ಏನು ಹೇಳಲಿ, ಎರಡು ಮುದ್ದೆ ಉಂಡು ಬಂದೆ.

ಹಾಸನದ ಸಾಹುಕಾರರೊಬ್ಬರು ಹಣ ಹಾಕಲು ಒಪ್ಪಿದರು. ಹೊಳೆನರಸೀಪುರದವನು ಆಗಲೇ ಸ್ಟುಡಿಯೋ ಇಟ್ಟಿದ್ದ; ಕ್ಯಾಮೆರಾ ಅವನದು. ಶೂಟಿಂಗಿಗೆ ಎಂಟು ದಿನವಿರುವಾಗ ಸಾಹುಕಾರರು ನನ್ನನ್ನು ಮನೆಗೆ ಕರೆಸಿ, ತಿಂಡಿ ಕೊಟ್ಟು, ಕೈ ತೊಳೆಯುವಾಗ ಹೇಳಿದರು: "ಹೀರೋ ನಮ್ಮ ತಂಗಿ ಮಗ ಮಾಡ್ತಾನೆ." ನಾನು ಒಂದು ಮಾತೂ ಎದುರಾಡಲಿಲ್ಲ. ಎದುರಾಡಿದ್ದರೆ ಸಿನಿಮಾವೇ ನಿಂತುಹೋಗುತ್ತಿತ್ತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ನಿಲ್ಲುತ್ತಿತ್ತೋ ಇಲ್ಲವೋ, ಕೇಳಿಯೇ ನೋಡಲಿಲ್ಲವಲ್ಲ. ಒಂಬತ್ತು ತಿಂಗಳು ನನಗಾಗಿ ಕಾದವನ ಪರವಾಗಿ ಒಂದು ನಿಮಿಷ ನಿಲ್ಲಲು ನನ್ನಿಂದ ಆಗಲಿಲ್ಲ.

ಅವನಿಗೆ ತಿಳಿಸಲು ರಾಮನಾಥಪುರಕ್ಕೆ ಹೋದೆ. ಕಾವೇರಿಯ ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಕಡಲೆಪುರಿ ಹಾಕುತ್ತಾ ಅರ್ಧ ಗಂಟೆ ಊರ ಮೇಲಿನ ಮಾತೆಲ್ಲ ಆಡಿದೆ. ಕೊನೆಗೆ ನೀರು ನೋಡುತ್ತಾ ವಿಷಯ ಹೇಳಿದೆ. ಅವನು ಕೈಯಲ್ಲಿದ್ದ ಪುರಿಯನ್ನು ಒಂದೊಂದಾಗಿ ಎಸೆದು ಮುಗಿಸಿದ.

"ಆ ಹುಡ್ಗಂಗೆ ಕಾಲು ಎತ್ತಕ್ಕೆ ಬತ್ತದಾ?"

"ಬರಲ್ಲ."

"ಅಂಗಾರೆ ಫೈಟು ನಾನೇ ಮಾಡ್ಬೇಕಲ್ಲ."

ಅದನ್ನೇ ಕೇಳಲು ನಾನು ಹೋಗಿದ್ದೆ. ಕೇಳುವ ಕಷ್ಟವನ್ನೂ ಅವನು ನನಗೆ ಕೊಡಲಿಲ್ಲ. ಎದ್ದು ಪಂಚೆ ಕೊಡವಿಕೊಂಡು, "ಓಗ್ಲಿ ಬುಡು. ಇವತ್ತಿಂದ ಮೂರು ಮುದ್ದೆ ಉಣ್ಬೋದು" ಎಂದ. ನಾನು ನಕ್ಕೆ. ನಗಬಾರದಿತ್ತು.

ಹೊಡೆದಾಟವನ್ನು ಹಾಸನದ ಹತ್ತಿರದ ಮೊಸಳೆ ಎಂಬ ಊರಿನಲ್ಲಿ, ಜೋಡಿ ದೇವಸ್ಥಾನಗಳಾಚೆಯ ಹೊಲದಲ್ಲಿ ತೆಗೆದೆವು. ಹೀರೋಗೂ ಇವನಿಗೂ ಒಂದೇ ಥರದ ಕೆಂಪು ಚೌಕಳಿ ಅಂಗಿ. ಮುಖ ಬೇಕಾದಾಗ ತಂಗಿ ಮಗ ಬಂದು ಹಲ್ಲು ಕಚ್ಚಿ ನಿಲ್ಲುವುದು. ಒದೆಯುವ, ಹಾರುವ, ಬೀಳುವ ಶಾಟಿಗೆಲ್ಲ ಇವನು, ಬೆನ್ನು ಕ್ಯಾಮೆರಾಕ್ಕೆ ಕೊಟ್ಟು. ಬೇರೆ ಯಾರಾದರೂ ಆಗಿದ್ದರೆ ಸುಲಭವಿತ್ತು. ಇವನಿಗೆ ಎದುರಾಳಿಯ ಕಣ್ಣು ಬಿಡಲು ಬರುತ್ತಿರಲಿಲ್ಲ. ವಿಲನ್ ಕಡೆಯವನು ಎಡಕ್ಕೆ ಸರಿದರೆ ಇವನ ತಲೆಯೂ ಎಡಕ್ಕೆ ತಿರುಗಿ ಮುಖ ಬಂದುಬಿಡುತ್ತಿತ್ತು. "ಕಟ್, ಈ ಕಡೆ ತಿರುಗಬೇಡ" ಎಂದು ನಾನು ಕೂಗಬೇಕು. ಮತ್ತೆ ಟೇಕ್. ಮತ್ತೆ ಮುಖ. ಮಧ್ಯಾಹ್ನದ ಹೊತ್ತಿಗೆ ನನಗೆ ಸಿಟ್ಟು ನೆತ್ತಿಗೇರಿ, ಎಲ್ಲರ ಎದುರು, "ನಿನ್ನ ಮುಖ ಯಾರಿಗೆ ಬೇಕೋ?" ಎಂದುಬಿಟ್ಟೆ.

ಹೊಳೆನರಸೀಪುರದವನು ಕ್ಯಾಮೆರಾದಿಂದ ತಲೆ ಎತ್ತಿ, "ಇದು ಸರಿಯಲ್ಲ ಕಣೋ" ಎಂದ, ಮೆಲ್ಲಗೆ. ಅರಕಲಗೂಡಿನವನು ಹೋಗಿ ತನ್ನ ಜಾಗದಲ್ಲಿ ನಿಂತ. ಮುಂದಿನ ಟೇಕಿನಲ್ಲಿ ಕುತ್ತಿಗೆ ಬಿಗಿಹಿಡಿದು, ದೂರದ ಹುಣಸೆಮರದ ಮೇಲೆ ಕಣ್ಣಿಟ್ಟು ಹೊಡೆದಾಡಿದ. ನನಗೆ ಬೇಕಾದ ಹಾಗೇ ಬಂತು. ಬದಿಯಿಂದ ಬಂದ ದೊಣ್ಣೆ ಮಾತ್ರ ಅವನಿಗೆ ಕಾಣಲಿಲ್ಲ. ಹೆಗಲಿನ ಮೂಳೆ ಬಿರುಕುಬಿಟ್ಟಿತ್ತು. ಬಿದ್ದವನು ಎದ್ದು, ಮೊದಲು ಅಂಗಿಯ ಧೂಳು ಕೊಡವಿ, ಆಮೇಲೆ ಕೇಳಿದ್ದು, "ಶಾಟು ಓಕೆನಾ?"

ಆ ವರ್ಷ ಸೊಪ್ಪು ಮುರಿಯಲು ಅವನಿಗಾಗಲಿಲ್ಲ. ಅಣ್ಣನೇ ಎಲ್ಲ ಮಾಡಿದರು. ಹೇಗೆ ಪೆಟ್ಟಾಯಿತೆಂದು ಮನೆಯಲ್ಲಿ ಕೇಳಿದ್ದಕ್ಕೆ ಬದುವಿನ ಮೇಲೆ ಜಾರಿದೆ ಎಂದು ಹೇಳಿದ್ದನಂತೆ.

ಸಿನಿಮಾ ಹಾಸನದಲ್ಲಿ ಒಂದು ವಾರ ಓಡಿತು. ಆಗಷ್ಟೇ ಮದುವೆಯಾಗಿದ್ದ ಅವನು ಮೊದಲ ದಿನ ಹೆಂಡತಿಯನ್ನು ಕರೆದುಕೊಂಡು ಬಂದ. ನನ್ನ ಪಕ್ಕದಲ್ಲೇ ಕೂತರು. ಕೆಂಪು ಅಂಗಿಯ ಬೆನ್ನು ಕಂಡಾಗಲೆಲ್ಲ ಅವಳ ಕಿವಿಯಲ್ಲಿ, "ಇದು ನಾನು. ಇದೂ ನಾನು. ಇದು ಅಲ್ಲ" ಎನ್ನುತ್ತಿದ್ದ. ಕೊನೆಯ ಒದೆತಕ್ಕೆ ಥಿಯೇಟರಿನಲ್ಲಿ ಶಿಳ್ಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹೊಡೆದವನು ಅವನೇ. ಅವನ ಹೆಸರು ತೆರೆಯ ಮೇಲೆ ಬಂತು, ಬರಲಿಲ್ಲ ಅನ್ನುವ ಹಾಗಿಲ್ಲ. ಬರುವ ಹೊತ್ತಿಗೆ ಲೈಟು ಹಾಕಿ ಬಾಗಿಲು ತೆಗೆದಿದ್ದರು, ಜನ ಎದ್ದು ಪಂಚೆ ಸರಿಮಾಡಿಕೊಳ್ಳುತ್ತಿದ್ದರು. ಅವನ ಹೆಂಡತಿಯೊಬ್ಬಳೇ ಕೂತು ಓದಿದಳು.

ಮುಂದಿನ ಸಿನಿಮಾದಲ್ಲಿ ನೀನೇ ಎಂದು ಪ್ರತಿ ಯುಗಾದಿಗೂ ಫೋನಿನಲ್ಲಿ ಹೇಳುತ್ತಿದ್ದೆ. "ಆಯ್ತು ಕಣ್ಲಾ, ಕೂದ್ಲು ಉದುರೋಕ್ ಮುಂಚೆ ಮಾಡು" ಎನ್ನುತ್ತಿದ್ದ. ಮುಂದಿನ ಸಿನಿಮಾ ಬರಲೇ ಇಲ್ಲ. ನಾನು ಈಗ ಇಂಗುಗುಂಡಿ, ಲಸಿಕೆ, ಮಣ್ಣು ಪರೀಕ್ಷೆಗಳ ಬಗ್ಗೆ ಹತ್ತು ನಿಮಿಷದ ಚಿತ್ರ ತೆಗೆಯುತ್ತೇನೆ. ಅವುಗಳಲ್ಲಿ ಹೀರೋ ಬೇಕಾಗುವುದಿಲ್ಲ.

ಹೋದ ವರ್ಷ ಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಮುಂದೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ನಲವತ್ತೈದೂ ತುಂಬಿರಲಿಲ್ಲ. ಹೊಳೆನರಸೀಪುರದವನು ಫೋನ್ ಮಾಡಿ, "ಅರಕಲಗೂಡು ಹೋಗ್ಬಿಟ್ಟ ಕಣೋ" ಎಂದ. ಊರು ಹೇಗೆ ಹೋಗುತ್ತದೆ ಎಂದು ಒಂದು ಕ್ಷಣ ನನಗೆ ಅರ್ಥವೇ ಆಗಲಿಲ್ಲ.

ನಮ್ಮ ಕಡೆ ಈಗ ಯಾರೇ ತೀರಿಕೊಂಡರೂ ಹನ್ನೊಂದನೆಯ ದಿನದೊಳಗೆ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ನಿಲ್ಲಬೇಕು. ಮಣ್ಣು ಮಾಡಿದ ಮೂರನೆಯ ದಿನ ಅವನ ಅಣ್ಣ ಫೋನ್ ಮಾಡಿದರು. "ಮದ್ವೆ ಫೋಟೋ ಬ್ಯಾಡ ಸಾ. ಸಿನಿಮಾದಾಗಿನ್ದು ಒಂದು ಕೊಡಿ. ಊರೂರೋರೆಲ್ಲ ಬತ್ತಾರೆ, ನಮ್ಮುಡುಗ ಸಿನಿಮಾದಾಗಿದ್ದ ಅಂತ ಗೊತ್ತಾಗ್ಲಿ. ಮೊಕ ಚೆನ್ನಾಗಿ ಕಾಣಂಗಿರ್ಲಿ."

ಎರಡು ಗಂಟೆ ಹತ್ತು ನಿಮಿಷದ ಸಿನಿಮಾವನ್ನು ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡಿದೆ. ಬೆನ್ನು, ಹೆಗಲು, ಕತ್ತಿನ ಹಿಂಭಾಗ. ಗಾಳಿಯಲ್ಲಿ ತಿರುಗುವಾಗ ಒಂದು ಕಡೆ ಕಿವಿ. ಅಷ್ಟೇ. ನನ್ನ ಕೆಲಸ ನಾನು ಚೊಕ್ಕವಾಗಿ ಮಾಡಿದ್ದೆ. ಹಾಳಾದ ಟೇಕುಗಳು ನೆನಪಾದವು. ನನಗೆ ಸಿಟ್ಟು ತರಿಸಿದ ಆ ಇಪ್ಪತ್ತು ಮೂವತ್ತು ಟೇಕುಗಳಲ್ಲಿ ಅವನ ಪೂರ್ತಿ ಮುಖವಿತ್ತು. ಹೊಳೆನರಸೀಪುರದವನಿಗೆ ಫೋನ್ ಮಾಡಿದೆ. "ರಿಲೀಸ್ ಆದ್ಮೇಲೆ ಹಾರ್ಡ್ ಡಿಸ್ಕ್ ಅಳಿಸಿ ಮದುವೆಗಳಿಗೆ ಉಪಯೋಗಿಸ್ಕೋ ಅಂತ ನೀನೇ ಹೇಳಿದ್ದೆಯಲ್ಲೋ" ಎಂದ.

ಅಣ್ಣನಿಗೆ ಫೋನಿನಲ್ಲಿ ಹೇಳಲು ಧೈರ್ಯವಾಗದೆ ಊರಿಗೇ ಹೋದೆ. ಜಗಲಿಯ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು. ಹಾರಿ ಒದೆಯುವ ಶಾಟು ಬಂದಾಗ ನಿಲ್ಲಿಸಲು ಹೇಳಿದರು. ಅವರು ಬೈಯಲೆಂದೇ ನಾನು ಕಾಯುತ್ತಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಇದೇ ಹಾಕ್ಸಿ ಸಾ" ಎಂದರು. "ಸೊಪ್ಪಿನ ಹೊರೆ ಒತ್ಕಂಡು ಮುಂದ್ಮುಂದೆ ಓಯ್ತಿದ್ದ, ಇಂದೆ ನಾವು ಬತ್ತಿದ್ವಿ. ಊರೋರ್ಗೆ ಅವನ ಬೆನ್ನು ಗೊತ್ತಾಗಕಿಲ್ವಾ?"

ತಿಥಿಯ ದಿನ ಫ್ಲೆಕ್ಸ್ ರಾಮನಾಥಪುರದ ಬಸ್ ಸ್ಟ್ಯಾಂಡಿನಲ್ಲಿತ್ತು. ಆಳೆತ್ತರದ ಕೆಂಪು ಬೆನ್ನು, ಮೇಲೆ ಹೆಸರು, ಕೆಳಗೆ ಮನೆಯವರ, ಊರವರ, ನಮ್ಮ ಮಾಸ್ಟರ ಹೆಸರು. ಬಂದವರು ನಿಂತು ಕೈಮುಗಿದರು. ಯಾರೂ ಇದು ಯಾರೆಂದು ಕೇಳಲಿಲ್ಲ. ಊಟ ಮುಗಿಸಿ ನಾನು ಹಾಸನದ ಬಸ್ಸಿಗೆ ಕಾಯುತ್ತಿದ್ದೆ. ಬೇರೆ ಊರಿನಿಂದ ದೇವಸ್ಥಾನಕ್ಕೆ ಬಂದಿದ್ದ ಹೆಂಗಸೊಬ್ಬರು, ಕೈಯಲ್ಲಿ ಹಣ್ಣುಕಾಯಿಯ ಚೀಲ ಹಿಡಿದು, ಫ್ಲೆಕ್ಸನ್ನು ಮೇಲಿಂದ ಕೆಳಗೆ ನೋಡಿದರು.

"ಯಾರಪ್ಪ ಇದು?"

"ನನ್ನ ಗೆಳೆಯ ಕಣವ್ವ. ಸಿನಿಮಾ ಹೀರೋ."

"ಹೀರೋ ಅಂತೀಯ. ಮತ್ತೆ ಮೊಕಾನೇ ತೋರ್ಸಿಲ್ವಲ್ಲಪ್ಪ?"

"ಅವನು ತೋರಿಸ್ತಿದ್ದ ಕಣವ್ವ" ಎಂದೆ. "ನಾನೇ ತಿರುಗಬೇಡ ಅಂದೆ."